ಹಳೆಯ ಬಿಬಿಸಿ ಮೈಕ್ರೋಗೆ ಎಸ್‌ಡಿ ಕಾರ್ಡ್: ಪೆಟ್ಟಿಗೆಗೆ ತೂತು ಕೊರೆಯದೆ ಜೋಡಿಸಿ

ಶಾಲೆಯ ಉಗ್ರಾಣದಲ್ಲೋ ಮನೆಯ ಅಟ್ಟದ ಮೇಲೋ, ಕೀಲಿಮಣೆಯ ಮೇಲ್ಸಾಲಿನಲ್ಲಿ ಕೆಂಪು ಗುಂಡಿಗಳಿರುವ ದಪ್ಪನೆಯ ಹಳೆಯ ಕಂಪ್ಯೂಟರ್ ಕಣ್ಣಿಗೆ ಬಿದ್ದರೆ ಗುಜರಿಯವನಿಗೆ ಕೊಟ್ಟುಬಿಡಬೇಡಿ. ಅದು ಬಿಬಿಸಿ ಮೈಕ್ರೋ ಇರಬಹುದು. ಬಿಬಿಸಿಯ ಕಂಪ್ಯೂಟರ್ ಸಾಕ್ಷರತಾ ಕಾರ್ಯಕ್ರಮಕ್ಕಾಗಿ ಕೇಂಬ್ರಿಡ್ಜ್‌ನ ಏಕಾರ್ನ್ ಕಂಪನಿ 1981ರ ಕೊನೆಯಲ್ಲಿ ಹೊರತಂದ ಯಂತ್ರ ಇದು. 1984-85ರಲ್ಲಿ ನಮ್ಮ ದೇಶದ ಶಾಲೆಗಳಲ್ಲಿ ‘ಕ್ಲಾಸ್’ ಎಂಬ ಕಂಪ್ಯೂಟರ್ ಕಲಿಕೆಯ ಯೋಜನೆ ಶುರುವಾದಾಗ ಮಕ್ಕಳ ಮುಂದೆ ಇಟ್ಟದ್ದೂ ಇದನ್ನೇ.

ಇಂಥ ಯಂತ್ರಗಳು ಇಂದಿಗೂ ಜೀವಂತ ಸಿಗುತ್ತವೆ. ಆದರೆ ಅವುಗಳ ಕ್ಯಾಸೆಟ್, ಫ್ಲಾಪಿಗಳಿಗೆ ಬೂಸ್ಟು ಹಿಡಿದಿರುತ್ತದೆ. ಹಾಗಾಗಿ ಮೊದಲು ಬೇಕಾದದ್ದು ಎಸ್‌ಡಿ ಕಾರ್ಡ್, ಆಮೇಲೆ ಯುಎಸ್‌ಬಿ. ಇವೆರಡಕ್ಕೂ ಪೆಟ್ಟಿಗೆ ಕೊರೆಯುವ ಅಗತ್ಯವೇ ಇಲ್ಲ. ಬೇಕಾದ ಕಿಂಡಿಗಳನ್ನೆಲ್ಲ ಏಕಾರ್ನ್‌ನವರು ಆಗಲೇ ಹಿಂಬದಿಯಲ್ಲೂ ಹೊಟ್ಟೆಯಡಿಯಲ್ಲೂ ಇಟ್ಟಿದ್ದಾರೆ. ನಾವು ಜೋಡಿಸಿದ್ದನ್ನು ನಾಳೆ ಯಾರಾದರೂ ಬಿಚ್ಚಿದರೆ ಯಂತ್ರ ಮೊದಲಿದ್ದಂತೆಯೇ ಉಳಿಯಬೇಕು. ಈ ಒಂದು ನಿಯಮವನ್ನು ಮಾತ್ರ ಸಡಿಲಿಸಬೇಡಿ.

ಪ್ಲಗ್ ಹಾಕುವ ಮೊದಲು

ವರ್ಷಗಟ್ಟಲೆ ಮಲಗಿದ್ದ ಯಂತ್ರಕ್ಕೆ ನೇರವಾಗಿ ಕರೆಂಟ್ ಕೊಡಬೇಡಿ. ಒಳಗೆ ಎಡಬದಿಯಲ್ಲಿರುವ ಪವರ್ ಸಪ್ಲೈ ಡಬ್ಬದಲ್ಲಿ ಮೇನ್ಸ್ ಸೋಸುವ ಎರಡು ಕೆಪಾಸಿಟರ್‌ಗಳಿವೆ: ಒಂದು 0.1 ಮೈಕ್ರೋಫ್ಯಾರಡ್, ಇನ್ನೊಂದು 0.01. ಹಳೆಯ ರಿಫಾ ಮಾದರಿಯವಾದರೆ ಅವುಗಳ ಪಾರದರ್ಶಕ ಹೊದಿಕೆ ಬಿರುಕು ಬಿಟ್ಟು ಒಳಗಿನ ಕಾಗದ ತೇವ ಹೀರಿಕೊಂಡಿರುತ್ತದೆ. ಕರೆಂಟ್ ಬಂದ ಸ್ವಲ್ಪ ಹೊತ್ತಿಗೇ ಪಟ್ ಎಂದು ಒಡೆದು ಕೋಣೆ ತುಂಬ ಹೊಗೆ. ಅದೇ ಮೌಲ್ಯದ, ಎಕ್ಸ್2 ದರ್ಜೆಯ ಹೊಸ ಕೆಪಾಸಿಟರ್‌ಗಳನ್ನು ಹಾಕಿಸಿ. ಪ್ಲಗ್ ಕಿತ್ತ ಮೇಲೂ ಆ ಡಬ್ಬದೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೀರಿ ಚಾರ್ಜ್ ಉಳಿದಿರಬಹುದು. ಬೆಸುಗೆಯಲ್ಲಿ ಕೈ ಪಳಗಿಲ್ಲದಿದ್ದರೆ ಈ ಒಂದು ಕೆಲಸವನ್ನು ಅನುಭವಿ ಟಿ.ವಿ. ಮೆಕ್ಯಾನಿಕ್‌ಗೆ ಒಪ್ಪಿಸುವುದೇ ಸರಿ.

ಬೇಕಾದ ಸಾಮಾನು

ಮೈಕ್ರೋ ಎಸ್‌ಡಿ ಮಾಡ್ಯೂಲ್ ಒಂದು, 20 ತಂತಿಯ ರಿಬ್ಬನ್ ಕೇಬಲ್ ಮತ್ತು ಅದರ ಕನೆಕ್ಟರ್, 27128 ಇಪ್ರಾಮ್ (ತಂತ್ರಾಂಶ ಬರೆದಿಡುವ ಚಿಪ್) ಒಂದು, ಜೊತೆಗೆ ಮಲ್ಟಿಮೀಟರ್. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹುಡುಕಿದರೆ ಬಹುಪಾಲು ಸಿಗುತ್ತವೆ.

ಮಾಡ್ಯೂಲ್ ಆರಿಸುವಾಗ ಮಾತ್ರ ಹುಷಾರಾಗಿರಿ. ಬಿಬಿಸಿ ಮೈಕ್ರೋದ್ದು 5 ವೋಲ್ಟ್ ಲೋಕ, ಎಸ್‌ಡಿ ಕಾರ್ಡಿನದು 3.3 ವೋಲ್ಟ್. ಎರಡು ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿಬಿಡೋಣ ಅನ್ನಿಸಬಹುದು. ಆದರೆ ನಾವು ಕಾರ್ಡ್ ಜೋಡಿಸಲಿರುವ ಯೂಸರ್ ಪೋರ್ಟಿನ ಹಿಂದಿರುವ 6522 ಚಿಪ್ಪಿನ ‘ಒಂದು’ ಎಂಬ ಸಂಕೇತ ದುರ್ಬಲವಾದದ್ದು. 2.4 ವೋಲ್ಟ್ ಕೊಟ್ಟರೂ ಅದು ತನ್ನ ಮಾತು ಉಳಿಸಿಕೊಂಡಂತೆಯೇ. ಅದನ್ನೂ ರೆಸಿಸ್ಟರ್‌ಗಳಲ್ಲಿ ಹಂಚಿದರೆ ಕಾರ್ಡಿಗೆ ಕೇಳಿಸದೆ ಹೋಗಬಹುದು. ಆದ್ದರಿಂದ 3.3 ವೋಲ್ಟ್ ರೆಗ್ಯುಲೇಟರ್ ಜೊತೆಗೆ ಎಲ್‌ವಿಸಿ125 ಬಫರ್ ಚಿಪ್ ಇರುವ ಮಾಡ್ಯೂಲನ್ನೇ ಕೇಳಿ ತನ್ನಿ.

ತಂತಿ ಜೋಡಣೆ

ಯಂತ್ರದ ಅಡಿಯಲ್ಲಿರುವ ಕಿಂಡಿಗಳ ಪೈಕಿ 20 ಪಿನ್ ಇರುವುದು ಯೂಸರ್ ಪೋರ್ಟ್ ಒಂದೇ. ಪ್ರಿಂಟರ್‌ನದು 26, ಡಿಸ್ಕ್‌ನದು 34, ಟ್ಯೂಬ್‌ನದು 40. (ಮಾಡೆಲ್ ಎ ಯಂತ್ರದಲ್ಲಿ ಯೂಸರ್ ಪೋರ್ಟಿನ ಚಿಪ್ಪೇ ಇರುವುದಿಲ್ಲ, ಈ ಲೇಖನ ಮಾಡೆಲ್ ಬಿಗೆ.)

1ನೇ ಪಿನ್ನಿನಿಂದ ಮಾಡ್ಯೂಲಿಗೆ 5 ವೋಲ್ಟ್, 5ನೇ ಪಿನ್ನಿನಿಂದ ಗ್ರೌಂಡ್. 6ನೇ ಪಿನ್, ಅಂದರೆ ಪಿಬಿ0, ಮಾಡ್ಯೂಲಿನ ಮೋಸಿಗೆ (ಕಾರ್ಡಿಗೆ ಮಾಹಿತಿ ಹೋಗುವ ದಾರಿ). 8ನೇ ಪಿನ್ ಪಿಬಿ1 ಕ್ಲಾಕ್‌ಗೆ ಹೋಗಬೇಕು, ಮತ್ತು ಅದೇ ತಂತಿಯನ್ನು 2ನೇ ಪಿನ್ ಸಿಬಿ1ಕ್ಕೂ ಕೂಡಿಸಬೇಕು. ಬಹಳ ಜನ ಮರೆಯುವುದು ಇದನ್ನೇ. 6522 ಒಳಗೆ ಬಿಟ್‌ಗಳನ್ನು ಒಂದೊಂದಾಗಿ ಸೇರಿಸಿಕೊಳ್ಳುವ ಶಿಫ್ಟ್ ರಿಜಿಸ್ಟರ್ ಇದೆ. ಕ್ಲಾಕ್ ಸಿಬಿ1ರ ಮೂಲಕ ಹಿಂದಿರುಗಿ ಬಂದರೆ ಮಾತ್ರ ಅದು ಕಾರ್ಡಿನ ಮಾತು ಬರೆದುಕೊಳ್ಳುತ್ತದೆ. ಮಾಡ್ಯೂಲಿನ ಮೀಸೋ (ಕಾರ್ಡಿನಿಂದ ಮಾಹಿತಿ ಬರುವ ದಾರಿ) 4ನೇ ಪಿನ್ ಸಿಬಿ2ಕ್ಕೆ. ಉಳಿದ ಸಿಎಸ್ (ಚಿಪ್ ಸೆಲೆಕ್ಟ್) ಅನ್ನು ಗ್ರೌಂಡಿಗೆ ಕಟ್ಟಿಬಿಡಿ.

ಕೇಬಲನ್ನು ಯಂತ್ರಕ್ಕೆ ಚುಚ್ಚುವ ಮೊದಲು, 5 ವೋಲ್ಟ್ ಮತ್ತು ಗ್ರೌಂಡ್ ಒಂದನ್ನೊಂದು ಮುಟ್ಟುತ್ತಿಲ್ಲ ಎಂದು ಮಲ್ಟಿಮೀಟರ್‌ನಲ್ಲಿ ನೋಡಿ. ಹತ್ತು ಸೆಕೆಂಡಿನ ಕೆಲಸ. ಯಂತ್ರ ಆನ್ ಇರುವಾಗ ಕೇಬಲ್ ಎಳೆಯುವುದು, ಚುಚ್ಚುವುದು ಬೇಡವೇ ಬೇಡ.

ಇಪ್ರಾಮ್ ಚಿಪ್ ಕೂರಿಸುವುದು

ಕಾರ್ಡನ್ನು ಓದಲು ಯಂತ್ರಕ್ಕೆ ಎಂಎಂಎಫ್‌ಎಸ್ ಎಂಬ ತಂತ್ರಾಂಶ ಬೇಕು. ಹವ್ಯಾಸಿಗಳು ಬೆಳೆಸಿ ಉಚಿತವಾಗಿ ಹಂಚಿರುವ ಇದರಲ್ಲಿ ಹಲವು ಆವೃತ್ತಿಗಳಿವೆ. ಯೂಸರ್ ಪೋರ್ಟಿನದನ್ನೇ ಆರಿಸಿ ಇಪ್ರಾಮ್‌ಗೆ ಬರೆಸಿ. ನಿಮ್ಮ ಯಂತ್ರದಲ್ಲಿ ಡಿಸ್ಕ್ ಕಂಟ್ರೋಲರ್ ಚಿಪ್ ಇಲ್ಲದಿದ್ದರೂ ತೊಂದರೆಯಿಲ್ಲ.

‘ಫಿಕ್ಸ್’ ಎಂದು ಗುರುತಿರುವ ನಾಲ್ಕು ಸ್ಕ್ರೂ ಬಿಚ್ಚಿದರೆ ಮೇಲ್ಮುಚ್ಚಳ ಬರುತ್ತದೆ. ಕೀಲಿಮಣೆಯ ಎರಡು (ಕೆಲವದರಲ್ಲಿ ಮೂರು) ಬೋಲ್ಟ್ ತೆಗೆದು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ. ಬಲ ಮುಂಬದಿಯಲ್ಲಿ 28 ಕಾಲಿನ ಐದು ಸಾಕೆಟ್‌ಗಳು ಕಾಣುತ್ತವೆ. ಖಾಲಿ ಇರುವುದರಲ್ಲಿ ಚಿಪ್ ಕೂರಿಸಿ. ಅದರ ತಲೆಯ ಕಚ್ಚು ಅಕ್ಕಪಕ್ಕದ ಚಿಪ್‌ಗಳ ದಿಕ್ಕಿನಲ್ಲೇ ಇರಲಿ. ಹೊಸ ಚಿಪ್ಪಿನ ಕಾಲುಗಳು ಅಗಲಿಸಿಕೊಂಡಿರುತ್ತವೆ. ಮೇಜಿಗೆ ಒತ್ತಿ ನೆಟ್ಟಗೆ ಮಾಡಿಕೊಂಡರೆ ಒಂದೂ ಮಡಚಿಕೊಳ್ಳುವುದಿಲ್ಲ.

ಕಾರ್ಡ್ ಸಿದ್ಧತೆ

ಕಾರ್ಡನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಮೊತ್ತಮೊದಲು ‘ಬೀಬ್ ಡಾಟ್ ಎಂಎಂಬಿ’ ಕಡತವನ್ನೇ ಅದಕ್ಕೆ ಹಾಕಿ. ಅದು ತುಂಡುತುಂಡಾಗದೆ ಒಂದೇ ಸಾಲಿನಲ್ಲಿ ಕೂರಬೇಕು. ಸುಮಾರು 100 ಎಂಬಿಯ ಈ ಒಂದು ಕಡತದೊಳಗೆ ತಲಾ 200 ಕೆಬಿಯ 511 ಡಿಸ್ಕ್‌ಗಳು ಹಿಡಿಯುತ್ತವೆ. ಒಂದಿಡೀ ಶಾಲೆಯ ಫ್ಲಾಪಿ ಕಪಾಟು ಉಗುರಗಲದ ಕಾರ್ಡಿನಲ್ಲಿ! ಯಂತ್ರ ಆನ್ ಮಾಡಿ, ನಕ್ಷತ್ರ ಚಿಹ್ನೆಯ ನಂತರ ‘ಡಿಸಿಎಟಿ’ ಎಂದು ಬೆರಳಚ್ಚಿಸಿದರೆ ಪಟ್ಟಿ ಬರುತ್ತದೆ. ಹಾಗೆಯೇ ‘ಡಿಐಎನ್ 0 5’ ಎಂದರೆ ಐದನೇ ಡಿಸ್ಕ್ ಸೊನ್ನೆಯ ಡ್ರೈವಿಗೆ ಹೊಕ್ಕಂತೆ. ಶಿಫ್ಟ್ ಹಿಡಿದು ಬ್ರೇಕ್ ಒತ್ತಿದರೆ ತಾನಾಗಿ ಶುರುವಾಗುವಂತೆ ಮಾಡಿದ ಡಿಸ್ಕ್ ಓಡುತ್ತದೆ.

ಯುಎಸ್‌ಬಿ ಮತ್ತು ಪರದೆ

ಲ್ಯಾಪ್‌ಟಾಪ್ ಜೊತೆ ಮಾತಾಡಿಸಲು ಹಿಂಬದಿಯ ಐದು ಪಿನ್ನಿನ ಆರ್‌ಎಸ್423 ಸಾಕೆಟ್ ಸಾಕು. ಆರ್‌ಎಸ್232 ಮಟ್ಟದ ಯುಎಸ್‌ಬಿ ಸೀರಿಯಲ್ ಕೇಬಲ್ ತಂದು ತಕ್ಕ ಡಿನ್ ಪ್ಲಗ್ ಹಾಕಿ. ನಡುವಿನ ಪಿನ್ ಗ್ರೌಂಡ್. ಈ ಪ್ಲಗ್ ತಲೆಕೆಳಗಾಗಿಯೂ ಕೂರುತ್ತದೆ, ಆದ್ದರಿಂದ ಮೇಲ್ಭಾಗಕ್ಕೆ ಬಣ್ಣದ ಚುಕ್ಕೆ ಇಡಿ. ನಕ್ಷತ್ರ ಚಿಹ್ನೆಯೊಂದಿಗೆ ‘ಎಫ್‌ಎಕ್ಸ್ 7,7’ ಮತ್ತು ‘ಎಫ್‌ಎಕ್ಸ್ 8,7’ ಕೊಟ್ಟರೆ ವೇಗ 9600ಕ್ಕೆ ನಿಲ್ಲುತ್ತದೆ. ‘ಎಫ್‌ಎಕ್ಸ್ 2,1’ ಕೊಟ್ಟ ಮೇಲೆ ಲ್ಯಾಪ್‌ಟಾಪಿನಲ್ಲಿ ಬರೆದದ್ದು ಬಿಬಿಸಿಯ ಕೀಲಿಮಣೆಯಲ್ಲೇ ಒತ್ತಿದಂತೆ ಬರುತ್ತದೆ. ಆರ್‌ಟಿಎಸ್, ಸಿಟಿಎಸ್ ತಂತಿಗಳನ್ನು ಜೋಡಿಸದೆ ಬಿಟ್ಟರೆ ಉದ್ದದ ಪ್ರೋಗ್ರಾಮಿನಲ್ಲಿ ಅಕ್ಷರಗಳು ಕಳೆದುಹೋಗುತ್ತವೆ.

ಪರದೆಗೆ ಆರು ಪಿನ್ನಿನ ಆರ್‌ಜಿಬಿ ಸಾಕೆಟ್ ಒಳ್ಳೆಯದು. ರಾಸ್ಪ್‌ಬೆರಿ ಪೈ ಜೀರೋ ಕೂತಿರುವ ‘ಆರ್‌ಜಿಬಿ ಟು ಎಚ್‌ಡಿಎಂಐ’ ಸಾಧನ ಜೋಡಿಸಿದರೆ ಇಂದಿನ ಮಾನಿಟರ್‌ನಲ್ಲಿ ಅಕ್ಷರಗಳು ಕಡೆದಿಟ್ಟಂತೆ ಕಾಣುತ್ತವೆ.

ಮೊದಲು ಕ್ಯಾಸೆಟ್ ಉಳಿಸಿ

ಎಲ್ಲ ಸಿದ್ಧವಾದ ಮೇಲೆ ಆಟಗಳ ಬೆನ್ನು ಹತ್ತುವ ಮುಂಚೆ ಮನೆಯಲ್ಲೋ ಶಾಲೆಯಲ್ಲೋ ಉಳಿದ ಕ್ಯಾಸೆಟ್‌ಗಳನ್ನು ಹುಡುಕಿ. ಅಂದಿನ ಮಕ್ಕಳು, ಮೇಷ್ಟ್ರುಗಳು ಬರೆದ ಪ್ರೋಗ್ರಾಮುಗಳು ಬೇರೆಲ್ಲೂ ಇಲ್ಲ. ಬೂಸ್ಟು ಕಂಡ ಟೇಪನ್ನು ಶುಚಿ ಮಾಡದೆ ಓಡಿಸಬೇಡಿ. ನಕ್ಷತ್ರ ಚಿಹ್ನೆಯೊಂದಿಗೆ ‘ಟೇಪ್’ ಎಂದು ಕೊಟ್ಟು ಪ್ರೋಗ್ರಾಮನ್ನು ಲೋಡ್ ಮಾಡಿ, ಹಾಗೆಯೇ ‘ಡಿಸ್ಕ್’ ಎಂದು ಕೊಟ್ಟು ಖಾಲಿ ಡಿಸ್ಕಿಗೆ ಸೇವ್ ಮಾಡಿ. ಕ್ಯಾಸೆಟ್‌ನಲ್ಲಿ ಹೆಸರಿಗೆ ಹತ್ತು ಅಕ್ಷರ ಹಿಡಿಯುತ್ತಿತ್ತು, ಡಿಸ್ಕಿನಲ್ಲಿ ಏಳೇ. ಹೆಸರು ಕತ್ತರಿಸುವ ಮೊದಲು ಪೂರ್ತಿ ಹೆಸರನ್ನೂ, ಕ್ಯಾಸೆಟ್ ಚೀಟಿಯ ಮೇಲೆ ಪೆನ್ನಿನಲ್ಲಿ ಬರೆದ ತಾರೀಖು, ತರಗತಿಗಳನ್ನೂ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ.