ಮಕ್ಕಳಿಗೆ ಮಾಜಾಂಗ್: ಮೊದಲ ಸಂಜೆಗೆ ಐದೇ ಬಿಲ್ಲೆ ಸಾಕು

ಮಾಜಾಂಗ್ ಕಲಿಸಲು ಕುಳಿತ ಹಿರಿಯರು ಸಾಮಾನ್ಯವಾಗಿ 144 ಬಿಲ್ಲೆಗಳನ್ನೂ ಮೇಜಿನ ಮೇಲೆ ಸುರಿದು, ಗೋಡೆ ಕಟ್ಟುವುದರಿಂದಲೇ ಪಾಠ ಶುರು ಮಾಡುತ್ತಾರೆ. ಯಾರು ಪೂರ್ವ, ದಾಳ ಎಷ್ಟು ಬಿತ್ತು, ಗೋಡೆಯನ್ನು ಎಲ್ಲಿ ಒಡೆಯಬೇಕು ಎಂಬುದೆಲ್ಲ ಮುಗಿಯುವಷ್ಟರಲ್ಲಿ ಏಳು ವರ್ಷದ ಮಗು ಎದ್ದು ಹೋಗಿರುತ್ತದೆ. ನನ್ನ ಸಲಹೆ ಒಂದೇ: ಆಟವನ್ನು ಚಿಕ್ಕದು ಮಾಡಿ. ಮೊದಲ ಸಂಜೆಯೇ ಪ್ರತಿ ಮಗುವೂ ಒಮ್ಮೆಯಾದರೂ ಕೈ ಪೂರ್ತಿ ಮಾಡಿಕೊಂಡು ಗೆದ್ದಿರಬೇಕು. ಉಳಿದ ನಿಯಮಗಳು ಒಂದೊಂದಾಗಿ ಆಮೇಲೆ ಬಂದು ಸೇರಿಕೊಳ್ಳುತ್ತವೆ.

ಮೊಬೈಲಿನಲ್ಲಿ ಒಂದೇ ಬಗೆಯ ಎರಡು ಬಿಲ್ಲೆ ಒತ್ತಿ ಮಾಯ ಮಾಡುವ ಆಟಕ್ಕೂ ಮಾಜಾಂಗ್ ಎಂದೇ ಹೆಸರಿದೆ. ಅದು 1980ರ ದಶಕದಲ್ಲಿ ಕಂಪ್ಯೂಟರಿಗಾಗಿ ರೂಪುಗೊಂಡ, ಒಬ್ಬರೇ ಕುಳಿತು ಆಡುವ ಆಟ. ಇಲ್ಲಿ ಹೇಳುತ್ತಿರುವುದು ಹತ್ತೊಂಬತ್ತನೆಯ ಶತಮಾನದ ಚೀನಾದಲ್ಲಿ ಬೆಳೆದ ನಾಲ್ಕು ಜನರ ಆಟ. ಚೀನೀ ಹೊಸವರ್ಷದ ರಜೆಯಲ್ಲಿ ಹಾಂಗ್‌ಕಾಂಗ್, ಸಿಂಗಪುರದ ಮನೆಗಳಲ್ಲಿ ನೆಂಟರೆಲ್ಲ ಸೇರಿದಾಗ ಮೇಜಿಗೆ ಬರುವುದು ಇದೇ. ನಮ್ಮ ದೇಶದಲ್ಲೂ ಸೇನಾಧಿಕಾರಿಗಳ ಕುಟುಂಬಗಳಲ್ಲಿ ಇದರ ರೂಢಿ ಹಳೆಯದು.

ರಮ್ಮಿ ಬಲ್ಲ ಮನೆಯವರಿಗೆ ಮಾಜಾಂಗ್ ಅರ್ಧ ಬಂದ ಹಾಗೆಯೇ. ಕೈಯಲ್ಲಿ ಹದಿಮೂರು, ಹದಿನಾಲ್ಕನೆಯದನ್ನು ಎತ್ತಿಕೊಂಡು ಬೇಡದ್ದೊಂದನ್ನು ಬಿಡುವುದು, ಎಲ್ಲ ಕೂಡಿದ ಕೂಡಲೇ ಷೋ. ಮೂರು ಮೂರರ ನಾಲ್ಕು ಸೆಟ್, ಜೊತೆಗೆ ಒಂದು ಜೋಡಿ, ಇಷ್ಟಾದರೆ ಗೆಲುವು.

ಕೊಳ್ಳುವಾಗ

ಆನ್‌ಲೈನಿನಲ್ಲಿ ಪೆಟ್ಟಿಗೆ ಸುಲಭವಾಗಿ ಸಿಗುತ್ತದೆ. ಬಿಲ್ಲೆಯ ಮೂಲೆಯಲ್ಲಿ 1, 2, 3 ಎಂದು ಅಂಕಿ ಇರುವುದನ್ನೇ ತೆಗೆದುಕೊಳ್ಳಿ. ಸುಝೌ ನಗರದಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಕೆಲಸದಲ್ಲಿದ್ದ ಜೋಸೆಫ್ ಬ್ಯಾಬ್‌ಕಾಕ್ ಎಂಬ ಅಮೆರಿಕನ್ 1920ರಲ್ಲಿ ಈ ಆಟದ ನಿಯಮಗಳನ್ನು ಸರಳಗೊಳಿಸಿ ಪುಸ್ತಕ ತಂದ; ಅಮೆರಿಕಕ್ಕೆ ಕಳಿಸಿದ ಬಿಲ್ಲೆಗಳಿಗೆ ಅಂಕಿಯನ್ನೂ ಹಾಕಿಸಿದ. ಚೀನೀ ಲಿಪಿ ಓದಲಾಗದವರಿಗೆಂದು ಮಾಡಿದ ಆ ಏರ್ಪಾಟು ನಮ್ಮ ಮಕ್ಕಳಿಗೂ ಬೇಕು. ಅಮೆರಿಕನ್ ಪೆಟ್ಟಿಗೆ ಎಂದು ಮಾರುವುದರಲ್ಲಿ ಜೋಕರ್‌ಗಳಿರುತ್ತವೆ, ಅದರ ನಿಯಮವೇ ಬೇರೆ. ಮಕ್ಕಳಿಗೆ ಹಾಂಗ್‌ಕಾಂಗ್ ಪದ್ಧತಿ ಹಿತ. ಯಾವುದನ್ನೇ ಹಿಡಿಯಿರಿ, ಮನೆಯವರೆಲ್ಲ ಒಂದೇ ಪದ್ಧತಿಗೆ ಅಂಟಿಕೊಳ್ಳಿ.

ಚೌಕಾಕಾರದ ಮೇಜು ಇಲ್ಲದಿದ್ದರೆ ನೆಲದ ಮೇಲೆ ದಪ್ಪ ಜಮಖಾನ ಹಾಸಿ. ಬಿಲ್ಲೆ ಜಾರುವುದಿಲ್ಲ, ಕೆಳಗಿನ ಮನೆಯವರಿಗೆ ಸದ್ದೂ ಕೇಳುವುದಿಲ್ಲ. ಓಡಾಡುವ ಪುಟ್ಟ ಮಗುವಿದ್ದರೆ ದಾಳಗಳನ್ನು ಎತ್ತಿಡಿ. ಅವು ಬಾಯಿಗೆ ಹೋಗುವಷ್ಟು ಸಣ್ಣವು.

ಬಿಲ್ಲೆಗಳ ಪರಿಚಯ

ಮೊದಲ ಅರ್ಧ ಗಂಟೆ ಆಟವೇ ಬೇಡ. ಎಲ್ಲವನ್ನೂ ಅಂಗಾತ ಹರಡಿ, ವಿಂಗಡಿಸಲು ಮಕ್ಕಳಿಗೇ ಬಿಡಿ. ಪಂಗಡ ಮೂರು: ವೃತ್ತ, ಬಿದಿರು, ಅಕ್ಷರ. ಪ್ರತಿಯೊಂದರಲ್ಲೂ 1ರಿಂದ 9, ಒಂದೊಂದೂ ನಾಲ್ಕು ಸಲ. ಅಲ್ಲಿಗೆ 108 ಆಯಿತು. ನಾಲ್ಕು ದಿಕ್ಕಿನ ಗಾಳಿಗಳು 16, ಕೆಂಪು-ಹಸಿರು-ಬಿಳಿ ಡ್ರ್ಯಾಗನ್‌ಗಳು 12, ಹೂವು ಮತ್ತು ಋತುಗಳು 8. ಒಟ್ಟು 144.

ಎರಡು ಕಡೆ ಮಕ್ಕಳು ತಪ್ಪದೆ ಎಡವುತ್ತಾರೆ. ಬಿದಿರಿನ ಒಂದರ ಮೇಲೆ ಬಿದಿರಿನ ಕಡ್ಡಿಯ ಬದಲು ಹಕ್ಕಿಯ ಚಿತ್ರವಿರುತ್ತದೆ. ಅದನ್ನು ಬೇರೆ ಗುಂಪೆಂದು ಪಕ್ಕಕ್ಕಿಡುತ್ತಾರೆ. ಬಿಳಿ ಡ್ರ್ಯಾಗನ್ ಕೆಲವು ಪೆಟ್ಟಿಗೆಗಳಲ್ಲಿ ಪೂರ್ತಿ ಖಾಲಿ, ಕೆಲವದರಲ್ಲಿ ನೀಲಿ ಚೌಕಟ್ಟು. ಕಳೆದುಹೋದರೆ ಇರಲಿ ಎಂದು ಕೊಟ್ಟಿರುವ ಖಾಲಿ ಬಿಲ್ಲೆಗಳಿದ್ದರೆ ಅವನ್ನು ಮೊದಲೇ ತೆಗೆದಿಡಿ. ಅಕ್ಷರದ ಪಂಗಡದಲ್ಲಿ ಒಂದು ಗೆರೆ ಎಂದರೆ ಒಂದು, ಎರಡು ಗೆರೆ ಎರಡು, ಮೂರು ಗೆರೆ ಮೂರು. ನಾಲ್ಕರಿಂದ ಮುಂದೆ ನೆನಪಿಟ್ಟುಕೊಳ್ಳಬೇಕು. ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ.

ಐದು, ಎಂಟು, ಹದಿನಾಲ್ಕು

ಮೂರು ಪಂಗಡಗಳ 108 ಬಿಲ್ಲೆಗಳನ್ನಷ್ಟೇ ಉಳಿಸಿಕೊಳ್ಳಿ. ಸಿಚುವಾನ್ ಪ್ರಾಂತ್ಯದ ದೊಡ್ಡವರೇ ಬರೀ ಇಷ್ಟರಲ್ಲಿ ಆಡುತ್ತಾರೆ, ಆದ್ದರಿಂದ ಇದು ಮಕ್ಕಳಾಟವಾಯಿತು ಎಂಬ ಸಂಕೋಚ ಬೇಡ. ಬಿಲ್ಲೆಗಳನ್ನು ಬೋರಲು ಹಾಕಿ ಎಲ್ಲರೂ ಎರಡೂ ಕೈಯಿಂದ ಕಲಸಿ. ಗೋಡೆ ಬೇಡ, ನಡುವೆ ರಾಶಿ ಇರಲಿ. ಪ್ರತಿಯೊಬ್ಬರೂ ನಾಲ್ಕು ಬಿಲ್ಲೆ ತೆಗೆದುಕೊಂಡು, ಎಲ್ಲರಿಗೂ ಕಾಣುವಂತೆ ಮುಂದೆ ಇಟ್ಟುಕೊಳ್ಳಲಿ. ಸರದಿ ಬಂದಾಗ ಒಂದು ಎತ್ತುವುದು, ಒಂದು ಬಿಡುವುದು. ಒಂದು ಸೆಟ್, ಒಂದು ಜೋಡಿ, ಒಟ್ಟು ಐದು ಕೂಡಿದರೆ ಗೆಲುವು. ಸೆಟ್ ಎಂದರೆ ಒಂದೇ ಪಂಗಡದ ಮೂರರ ಸಾಲು, ಇಲ್ಲವೇ ತದ್ರೂಪಿ ಮೂರು. ರಮ್ಮಿ ಗೊತ್ತಿರುವ ಮಕ್ಕಳಿಗೆ ಇಲ್ಲೊಂದು ಎಚ್ಚರ ಹೇಳಿ: ವೃತ್ತದ 5, ಬಿದಿರಿನ 5, ಅಕ್ಷರದ 5 ಸೇರಿದರೆ ಸೆಟ್ ಆಗುವುದಿಲ್ಲ.

ಕೈ ತೆರೆದಿರುವುದರಿಂದ ಯಾರಿಗೆ ಏನು ಬೇಕು ಎಂದು ಎಲ್ಲರೂ ಮಾತಾಡಬಹುದು. ‘ಇದನ್ನು ಬಿಡು’ ಎಂದು ಹೇಳಬೇಡಿ. ‘ಇದನ್ನು ಬಿಟ್ಟರೆ ಏನೇನು ಉಳಿಯುತ್ತೆ?’ ಎಂದು ಕೇಳಿ. ಇದು ಸಲೀಸಾದ ಮೇಲೆ ಏಳು ಹಿಡಿದು ಎಂಟಕ್ಕೆ ಆಡಿ: ಎರಡು ಸೆಟ್, ಒಂದು ಜೋಡಿ. ಆಗ ಕೈ ಮುಚ್ಚಿಕೊಳ್ಳಲಿ. ಹದಿಮೂರಕ್ಕೆ ಏರುವುದು ಅದರ ನಂತರ.

ಎಂಟರ ಆಟದಲ್ಲಿ ಬೇಕಾದಷ್ಟು ದಿನ ನಿಲ್ಲಿ, ಏಕೆಂದರೆ ಮಾಜಾಂಗಿನ ನಿಜವಾದ ಲೆಕ್ಕಾಚಾರ ಕಣ್ಣಿಗೆ ಕಾಣುವುದು ಇಲ್ಲಿಯೇ. ಕೈಯಲ್ಲಿ ಬಿದಿರಿನ 4 ಮತ್ತು 5 ಇವೆ ಎನ್ನಿ. 3 ಬಂದರೂ ಆದೀತು, 6 ಬಂದರೂ ಆದೀತು. ಒಂದೊಂದೂ ನಾಲ್ಕರಂತೆ ಎಂಟು ಅವಕಾಶ. 4 ಮತ್ತು 6 ಇದ್ದರೆ ನಡುವಿನ 5 ಮಾತ್ರ ಬೇಕು, ಅವಕಾಶ ನಾಲ್ಕಕ್ಕಿಳಿಯಿತು. 8 ಮತ್ತು 9 ಇಟ್ಟುಕೊಂಡರೂ 7ಕ್ಕಾಗಿ ಕಾಯಬೇಕು, ಅದೂ ನಾಲ್ಕೇ. ಎರಡು 5 ಇದ್ದು ಮೂರನೆಯದು ಬೇಕಾದರೆ ಉಳಿದಿರುವುದು ಎರಡೇ. ಈಗ ಎಲ್ಲರೂ ಬಿಟ್ಟ ಬಿಲ್ಲೆಗಳನ್ನು ನೋಡಲು ಹೇಳಿ. 3 ಅಂಕಿಯವು ಮೂರು ಅಲ್ಲಿ ಬಿದ್ದಿದ್ದರೆ ಎಂಟು ಅವಕಾಶ ಐದಾಯಿತು. ಒಂಬತ್ತು ವರ್ಷದ ಮಗು ಇದನ್ನು ಬೆರಳು ಮಡಿಚಿ ಎಣಿಸಿ, ನಾವು ಹೇಳಿಕೊಡುವ ಮೊದಲೇ ಬಿಲ್ಲೆ ಬದಲಾಯಿಸುವುದನ್ನು ನೋಡುವ ಸಂತೋಷಕ್ಕಾಗಿಯಾದರೂ ಈ ಆಟ ಕಲಿಸಬೇಕು.

ಬೇರೆಯವರು ಬಿಟ್ಟದ್ದನ್ನು ಕೇಳುವುದು

ಈಗ ಪಂಗ್ ಹೇಳಿಕೊಡಿ. ಕೈಯಲ್ಲಿ ಜೋಡಿಯಿದ್ದು ಅದರ ಮೂರನೆಯದನ್ನು ಯಾರೇ ಬಿಟ್ಟರೂ ‘ಪಂಗ್’ ಎಂದು ಕೂಗಿ ತೆಗೆದುಕೊಂಡು, ಆ ಸೆಟ್ಟನ್ನು ತೆರೆದಿಟ್ಟು, ಒಂದು ಬಿಲ್ಲೆ ಬಿಡಬೇಕು. ಸರದಿ ಅಲ್ಲಿಂದಲೇ ಮುಂದುವರಿಯುತ್ತದೆ. ಎಲ್ಲರ ಸರದಿಯಲ್ಲೂ ಕಣ್ಣಿಡಬೇಕಾದ್ದರಿಂದ ಮಕ್ಕಳ ಗಮನ ಆಚೀಚೆ ಹೋಗುವುದಿಲ್ಲ. ಕೆಲವು ದಿನಗಳ ನಂತರ ಚೌ: ಸಾಲಿಗೆ ಬೇಕಾದ್ದನ್ನು ಎಡಗಡೆ ಕುಳಿತವರು ಬಿಟ್ಟಾಗ ಮಾತ್ರ ತೆಗೆದುಕೊಳ್ಳಬಹುದು. ಒಂದೇ ಬಿಲ್ಲೆಯನ್ನು ಇಬ್ಬರು ಕೇಳಿದರೆ ಆಟ ಮುಗಿಸುವವರಿಗೆ ಮೊದಲ ಹಕ್ಕು, ಆಮೇಲೆ ಪಂಗ್, ಕೊನೆಗೆ ಚೌ. ಜಗಳ ಬರುವುದು ಇಲ್ಲಿಯೇ, ಆದ್ದರಿಂದ ಈ ಕ್ರಮವನ್ನು ಚೀಟಿಯಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಇಡಿ. ತದ್ರೂಪಿ ನಾಲ್ಕು ಸೇರಿದರೆ ಕಾಂಗ್. ಅದನ್ನು ತೋರಿಸಿ ಒಂದು ಬಿಲ್ಲೆ ಹೆಚ್ಚಿಗೆ ಎತ್ತಿಕೊಳ್ಳಬೇಕು.

ಗಾಳಿಗಳು ಮತ್ತು ಡ್ರ್ಯಾಗನ್‌ಗಳು ಬರುವುದು ಇದಾದ ಮೇಲೆ. ಇವು ಸಾಲಾಗುವುದಿಲ್ಲ, ತದ್ರೂಪಿ ಮೂರು ಅಥವಾ ಜೋಡಿ ಮಾತ್ರ. ಕೂರುವ ಜಾಗಗಳಿಗೂ ಇದೇ ದಿಕ್ಕುಗಳ ಹೆಸರು: ಆಟ ಶುರು ಮಾಡುವವರು ಪೂರ್ವ, ಅವರ ಬಲಕ್ಕೆ ದಕ್ಷಿಣ, ಎದುರಿಗೆ ಪಶ್ಚಿಮ, ಎಡಕ್ಕೆ ಉತ್ತರ. ಶಾಲೆಯ ಭೂಪಟಕ್ಕೆ ಹೋಲಿಸಿದರೆ ಇದು ತಿರುಗಾಮುರುಗಾ. ಮಕ್ಕಳು ಕೇಳಿಯೇ ಕೇಳುತ್ತಾರೆ, ಆಟದಲ್ಲಿ ಹೀಗೇ ಎಂದು ಮೊದಲೇ ಹೇಳಿಬಿಡಿ. ಈಗ ಗೋಡೆ ಕಟ್ಟಬಹುದು: ಹೂವುಗಳಿಲ್ಲದೆ 136 ಬಿಲ್ಲೆ, ಒಬ್ಬೊಬ್ಬರ ಮುಂದೆ ಎರಡಂತಸ್ತಿನ ಹದಿನೇಳು ಜೋಡಿ. ಹೂವು ಸೇರಿದರೆ ಹದಿನೆಂಟು. ಆಟಕ್ಕೆ ಇನ್ನೂ ಸಣ್ಣವರಾದವರಿಗೆ ಗೋಡೆಯ ಕೆಲಸ ಕೊಡಿ, ಆಮೇಲೆ ಅಜ್ಜಿಯ ಪಕ್ಕ ಕೂರಲಿ. ಅಜ್ಜಿಯ ಕೈಯಲ್ಲಿರುವುದನ್ನು ಜೋರಾಗಿ ಓದಬಾರದು ಎಂಬುದೊಂದೇ ಅವರಿಗಿರುವ ನಿಯಮ.

ಅಂಕ ಕೊನೆಗೆ

ಹಾಂಗ್‌ಕಾಂಗಿನಲ್ಲಿ ಅಂಕವನ್ನು ಫಾನ್ ಎನ್ನುತ್ತಾರೆ. ಡ್ರ್ಯಾಗನ್ನಿನ ಪಂಗ್‌ಗೆ ಒಂದು ಫಾನ್, ಎಲ್ಲ ಸೆಟ್ಟೂ ಪಂಗ್ ಆದರೆ ಸಾಮಾನ್ಯವಾಗಿ ಮೂರು, ಒಂದೇ ಪಂಗಡದ ಜೊತೆ ಗಾಳಿ-ಡ್ರ್ಯಾಗನ್ ಮಾತ್ರ ಇದ್ದರೂ ಮೂರು. ಆರಂಭಕ್ಕೆ ಈ ಮೂರು ಸಾಕು. ಕನಿಷ್ಠ ಮೂರು ಫಾನ್ ಇಲ್ಲದೆ ಆಟ ಮುಗಿಸುವಂತಿಲ್ಲ ಎಂಬ ದೊಡ್ಡವರ ಷರತ್ತನ್ನು ಮಕ್ಕಳಿಗೆ ಹಾಕಬೇಡಿ. ಹಣ ಖಂಡಿತ ಬೇಡ; ಒಬ್ಬೊಬ್ಬರಿಗೂ ಸಮನಾಗಿ ಹುಣಸೆಬೀಜ ಹಂಚಿ. ಪೂರ್ತಿ ಆಟ ಎಂದರೆ ಕನಿಷ್ಠ ಹದಿನಾರು ಕೈ, ಗಂಟೆಗಟ್ಟಲೆ ನಡೆಯುತ್ತದೆ. ಪ್ರತಿಯೊಬ್ಬರೂ ಒಮ್ಮೆ ಪೂರ್ವವಾದರೆ ಆ ದಿನಕ್ಕೆ ನಿಲ್ಲಿಸಿ.

ಮನೆಯಲ್ಲಿ ಮೂವರೇ ಇದ್ದರೂ ಅಡ್ಡಿಯಿಲ್ಲ. ಜಪಾನಿನಲ್ಲಿ ಮೂವರ ಆಟಕ್ಕಾಗಿ ಅಕ್ಷರ ಪಂಗಡದ 2ರಿಂದ 8ರವರೆಗಿನ ಬಿಲ್ಲೆಗಳನ್ನು ತೆಗೆದಿಡುತ್ತಾರೆ, ಚೌ ಕೇಳುವುದನ್ನೂ ಬಿಡುತ್ತಾರೆ. ಆಗಲೂ ಉಳಿಯುವುದು 108 ಬಿಲ್ಲೆ. ಹದಿಮೂರರ ಆಟ ಬಂದ ಮಕ್ಕಳು ಇದನ್ನು ಅದೇ ದಿನ ಆಡಬಲ್ಲರು.