ಎಲ್ಲದಕ್ಕೂ 'ನೋ ಪ್ರಾಬ್ಲಮ್ ಸರ್' ಅನ್ನಬೇಡಿ

ಹಾಸನ, ಗದಗ, ಸಿಂಧನೂರಿನಿಂದ ಬಂದು ಬೆಂಗಳೂರಿನ ಆಫೀಸುಗಳಿಗೆ ಸೇರುವ ಮಕ್ಕಳೇ, ನಿಮ್ಮ ಇಂಗ್ಲಿಷ್ ವ್ಯಾಕರಣದ ಬಗ್ಗೆ ನನಗೆ ಅಂಥ ಚಿಂತೆಯಿಲ್ಲ. ಆಡುತ್ತಾ ಆಡುತ್ತಾ ಅದು ನೆಟ್ಟಗಾಗುತ್ತದೆ. ಚಿಂತೆ ಇರುವುದು ಎಲ್ಲದಕ್ಕೂ ನೀವು ಹೇಳುವ 'ನೋ ಪ್ರಾಬ್ಲಮ್ ಸರ್' ಬಗ್ಗೆ.

ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗ್ ನೋಡಿ. ಇರುವುದೇ 15 ನಿಮಿಷ. ಡೇಟಾಬೇಸ್ ಆ್ಯಕ್ಸೆಸ್ ಸಿಗದೆ ಎರಡು ದಿನದಿಂದ ಕೈಕಟ್ಟಿ ಕೂತ ಹುಡುಗಿ ತನ್ನ ಸರದಿ ಬಂದಾಗ 'ವರ್ಕ್ ಈಸ್ ಗೋಯಿಂಗ್ ಆನ್' ಎಂದು ಮ್ಯೂಟ್ ಒತ್ತುತ್ತಾಳೆ. ಶುಕ್ರವಾರ ಸಂಜೆ ನಿಜ ಹೊರಬಿದ್ದಾಗ ಬೈಸಿಕೊಳ್ಳುವವಳೂ ಅವಳೇ. ಹೇಳಬೇಕಿದ್ದದ್ದು ಇಷ್ಟೇ: 'ಐ ಆ್ಯಮ್ ಬ್ಲಾಕ್ಡ್. ಐ ಡೋಂಟ್ ಹ್ಯಾವ್ ಡೇಟಾಬೇಸ್ ಆ್ಯಕ್ಸೆಸ್. ಹೂ ಕ್ಯಾನ್ ಹೆಲ್ಪ್ ಮಿ ಟುಡೇ?' ಅಡ್ಡಿ ಏನು, ಬೇಕಾದದ್ದೇನು, ಯಾವಾಗ, ಎಲ್ಲ ಬಂತು. 'ಸಾರಿ' ಒಂದೂ ಇಲ್ಲ, ಗಮನಿಸಿ.

ದೂರು ಹೇಳಿದಂತಾಗುತ್ತದೆಂಬ ಅಳುಕು ಬೇಡ. ನಮ್ಮ ಬಿಡದಿಯಲ್ಲೂ ಕಾರ್ಖಾನೆಯಿರುವ ಟೊಯೋಟಾ ಕಂಪನಿಯ ಪದ್ಧತಿಯಲ್ಲಿ ಆಂಡಾನ್ ಎಂಬ ಏರ್ಪಾಡಿದೆ. ಜೋಡಣೆಯಲ್ಲಿ ದೋಷ ಕಂಡ ಕೆಲಸಗಾರ ಹಗ್ಗ ಎಳೆಯುತ್ತಾನೆ. ದೀಪ ಹತ್ತುತ್ತದೆ, ಟೀಮ್ ಲೀಡರ್ ಬರುತ್ತಾನೆ, ಅಷ್ಟರಲ್ಲಿ ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ಹಗ್ಗ ಎಳೆಯುವುದು ಅಲ್ಲಿ ತಪ್ಪಲ್ಲ, ಕೆಲಸದ ಭಾಗ. 'ಐ ಆ್ಯಮ್ ಬ್ಲಾಕ್ಡ್' ನಿಮ್ಮ ಕೈಯಲ್ಲಿರುವ ಹಗ್ಗ.

ಕೆಲಸದ ಮೇಲೆ ಕೆಲಸ ಬಿದ್ದಾಗ 'ನಾಟ್ ಪಾಸಿಬಲ್' ಎಂದು ಕಡ್ಡಿ ಮುರಿದಂತೆ ಹೇಳಬೇಡಿ. 'ಐ ಕ್ಯಾನ್ ಫಿನಿಶ್ ದಿಸ್ ಬೈ ಥರ್ಸ್‌ಡೇ. ಇಫ್ ಇಟ್ ಈಸ್ ಅರ್ಜೆಂಟ್, ವಾಟ್ ಶುಡ್ ಐ ಡ್ರಾಪ್?' ಎಂದು ಕೇಳಿ. ಯಾವುದನ್ನು ಬಿಡಬೇಕೆಂಬ ತಲೆನೋವು ಮ್ಯಾನೇಜರದಾಗುತ್ತದೆ. ಅವರಿಗೆ ಸಂಬಳ ಕೊಡುವುದೂ ಅದಕ್ಕೇ.

ಇನ್ನು ಮೆಚ್ಚುಗೆ. 'ಗ್ರೇಟ್ ಜಾಬ್' ಹೆಬ್ಬೆರಳ ಇಮೋಜಿಯ ಜೊತೆ ದಿನವೂ ಗ್ರೂಪಿಗೆ ಬಂದು ಬಂದು ಸವೆದುಹೋಗಿದೆ. 'ಯು ಫೌಂಡ್ ದ ಟ್ಯಾಕ್ಸ್ ಎರರ್ ಬಿಫೋರ್ ದ ಕ್ಲೈಂಟ್ ಡಿಡ್. ಥ್ಯಾಂಕ್ ಯು' ಎಂದು ನೋಡಿ, ಆ ಹುಡುಗ ಅದನ್ನು ಮನೆಯಲ್ಲಿ ಅಮ್ಮನಿಗೂ ಹೇಳುತ್ತಾನೆ. ಯಾರದ್ದಾದರೂ ಕೆಲಸ ಕೆಟ್ಟರೆ 'ಡೋಂಟ್ ವರಿ' ಬಿಟ್ಟು 'ಲೆಟ್ಸ್ ಲುಕ್ ಅಟ್ ಇಟ್ ಟುಗೆದರ್' ಎನ್ನಿ. ಹಾಗೆಂದಮೇಲೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರಲೇಬೇಕು, ಮತ್ತೆ! ಅವರು ಕನ್ನಡದವರಾದರೆ ಇಂಗ್ಲಿಷ್ ಯಾಕೆ, ಕನ್ನಡದಲ್ಲೇ ಹೇಳಿ.

ನಾಳೆಯ ಮೀಟಿಂಗಿಗೆ ನಿಮ್ಮ ಅಡ್ಡಿ ಏನೆಂದು ಎರಡು ಸಾಲು ಬರೆದುಕೊಂಡು ಹೋಗಿ. ಚೀಟಿ ನೋಡಿ ಓದಿದರೂ ಪರವಾಗಿಲ್ಲ.