‘ಬಂಜರು’ ಎಂಬ ಪದವೂ ಪಾರೆಯ ಹೂಗಳೂ

ಕಾಸರಗೋಡಿನ ಮುರಕಲ್ಲಿನ ಪಾರೆಗಳನ್ನು ಬೇಸಗೆಯಲ್ಲಿ ಮಾತ್ರ ಕಂಡವರು ಅವನ್ನು ‘ಬಂಜರು’ ಎಂದು ಕರೆದರೆ ಆಶ್ಚರ್ಯವಿಲ್ಲ. ಆದರೆ ಪದವು ಬರಿಯ ಹೆಸರಲ್ಲ, ನಿರ್ಣಯವೂ ಹೌದು. ‘ಬಂಜರು’ ಎಂದೊಡನೆ ಅಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇಲ್ಲವೆಂಬ ಭಾವ ತಾನಾಗಿ ಮೂಡುತ್ತದೆ. ವಿಶಾಲವೂ ನೆರಳಿಲ್ಲದ್ದೂ ಆದ ಇಂಥ ನೆಲ ಸೌರವಿದ್ಯುತ್ತಿಗೆ ಅನುಕೂಲ. ನಮ್ಮ ಜಿಲ್ಲೆಯ ಅಂಬಲತ್ತರ, ಪೈವಳಿಕೆಗಳಲ್ಲಿ ಸೌರಸ್ಥಾವರಗಳು ತಲೆಯೆತ್ತಿವೆ.

ಅದೇ ಪಾರೆಯನ್ನು ಮಳೆಗಾಲದಲ್ಲಿ ನೋಡಬೇಕು. ಪಳ್ಳಗಳು ತುಂಬುತ್ತವೆ, ಬೆರಳುದ್ದದ ಮಣ್ಣಿನಲ್ಲಿ ಹೂಗಳು ಹಾಸುತ್ತವೆ. ಸಾರವಿಲ್ಲದ ಈ ಮಣ್ಣಿನಲ್ಲಿ ಡ್ರಾಸೆರಾ, ಯುಟ್ರಿಕ್ಯುಲೇರಿಯಾಗಳು ಕೀಟಗಳನ್ನು ಹಿಡಿದು ಪೋಷಣೆ ಪಡೆಯುತ್ತವೆ. ಮಳೆಗಾಲದ ತೊರೆಗಳಲ್ಲಿ ಬಿಳಿಯ ಹೂ ಬಿಡುವ ಕ್ರೈನಮ್ ಮಲಬಾರಿಕಮ್ ಎಂಬ ಗಡ್ಡೆಸಸ್ಯವನ್ನು ವಿಜ್ಞಾನಿಗಳು ಹೊಸ ಪ್ರಭೇದವೆಂದು ವಿವರಿಸಿದ್ದು 2012ರಲ್ಲಿ. ಪೆರಿಯದ ಹೆಸರನ್ನು ಹೊತ್ತ ಈ ‘ಪೆರಿಯ ಪೊಳತ್ತಾಳಿ’ಯೇ ಇಂದು ಕಾಸರಗೋಡಿನ ಜಿಲ್ಲಾ ಪುಷ್ಪ. ತೊರೆ ಬತ್ತಿದರೆ ಗಡ್ಡೆ ನೆಲದೊಳಗೆ ಮಲಗುತ್ತದೆ. ಬೇಸಗೆಯ ಸಮೀಕ್ಷೆಗೆ ಅದು ಕಾಣುವುದೇ ಇಲ್ಲ.

ಹಾಗಾದರೆ ವಿದ್ಯುತ್ತು ಬೇಡವೇ? ಪ್ರಶ್ನೆ ಅದಲ್ಲ. ಕಂಪನಿಯ ನೆಲದಲ್ಲೂ ಸಸ್ಯರಕ್ಷಣೆ ಸಾಧ್ಯವೆಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಿದರ್ಶನವಿದೆ. ಅಲ್ಲಿನ ಆಂಟಿಯೋಕ್ ಎಂಬಲ್ಲಿ ನದೀತೀರದ ಮರಳದಿಬ್ಬಗಳನ್ನು ಇಟ್ಟಿಗೆಗಾಗಿ ಅಗೆದು ಬಹುಪಾಲು ಕರಗಿಸಿದ್ದರು. ಉಳಿದುದರಲ್ಲಿ ಎರಡು ಅಪರೂಪದ ಹೂಗಿಡಗಳೂ ಒಂದು ಚಿಟ್ಟೆಯೂ ಬದುಕಿದ್ದವು. 1980ರಲ್ಲಿ ಅದು ರಕ್ಷಿತಧಾಮವಾಯಿತು. ಅದಕ್ಕೆ ಹೊಂದಿಕೊಂಡಂತೆ ಪೆಸಿಫಿಕ್ ಗ್ಯಾಸ್ ಆಂಡ್ ಎಲೆಕ್ಟ್ರಿಕ್ ಕಂಪನಿಯ ವಿದ್ಯುತ್ ಗೋಪುರಗಳಿರುವ ನೆಲದಲ್ಲೂ ಆ ಗಿಡಗಳಿವೆ. ಕಂಪನಿಯೂ ರಕ್ಷಿತಧಾಮದವರೂ ಕೂಡಿ ಅದನ್ನು ನೋಡಿಕೊಳ್ಳುತ್ತಾರೆ. ತಂತಿ ಮೇಲಿದೆ, ಹೂ ಕೆಳಗಿದೆ.

ಪಾರೆಗೂ ಬೇಕಾದದ್ದು ಇಂಥದೇ ವಿವೇಕ: ಸಮೀಕ್ಷೆ ಮಳೆಗಾಲದಲ್ಲಿ ನಡೆಯಲಿ; ಪಳ್ಳವನ್ನು ಮುಚ್ಚದಿರಲಿ; ತೊರೆಯ ಹರಿವನ್ನು ತಿರುಗಿಸದಿರಲಿ; ಕಳೆನಾಶಕ ಬೇಡ; ಬೀಜ ಉದುರಿದ ಮೇಲಷ್ಟೇ ಹುಲ್ಲನ್ನು ಕತ್ತರಿಸಲಿ. ಪಾರೆಯನ್ನು ಒಮ್ಮೆ ಒಡೆದು ಸಮತಟ್ಟು ಮಾಡಿದರೆ ಮತ್ತೆ ಅದನ್ನು ಕಟ್ಟಲಾಗದು.

ಭಾಷೆಯ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಪಾರೆ, ಪದವು, ಪಳ್ಳ, ಮುರಕಲ್ಲು: ನೆಲವನ್ನು ಬಲ್ಲವರು ಕೊಟ್ಟ ಪದಗಳಿವು, ‘ಬಂಜರು’ ದೂರದಿಂದ ಕೊಟ್ಟ ಹೆಸರು. ಪದ ಅಳಿದರೆ ನೋಟವೂ ಅಳಿಯುತ್ತದೆ.

ಅಭ್ಯಾಸ: ನಿಮ್ಮ ಊರಿನ ಹಿರಿಯರನ್ನು ಕೇಳಿ, ಪಾರೆಗೂ ಅದರ ಗಿಡಗಳಿಗೂ ಸಂಬಂಧಿಸಿದ ಹತ್ತು ಪದಗಳನ್ನು ಅರ್ಥಸಹಿತ ಸಂಗ್ರಹಿಸಿರಿ.